ಹೆಬ್ಬಾತುಗಳ ರಕ್ತದಲ್ಲಿ ಮಲೇರಿಯಾ ಇರುತ್ತಂತೆ, ಮಕ್ಕಳನ್ನು ಕೆರೆಗೆ ಕರೆದುಕೊಂಡು ಹೋಗಬಾರದಾ?

ಮಾಗಡಿ ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ನಾನು ಶಿರಹಟ್ಟಿ ಕಡೆ ಒಂದು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಚಳಿಗಾಲ ಬಂತೆಂದರೆ ಮಕ್ಕಳನ್ನು ಮಾಗಡಿ ಕೆರೆಗೆ ಕರೆದುಕೊಂಡು ಹೋಗಿ ಪಟ್ಟೆತಲೆ ಹೆಬ್ಬಾತು ತೋರಿಸುವುದು ನಮ್ಮಲ್ಲಿ ರೂಢಿ. ಈ ಸಲ ಪಾಲಕರ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಓಡಾಡುತ್ತಿದೆ. ಮಂಗೋಲಿಯಾ ಕಡೆಯಿಂದ ಬರುವ ಹಕ್ಕಿಗಳ ರಕ್ತದಲ್ಲಿ ಮಲೇರಿಯಾ ಇದೆ, ಕೆರೆಯ ಸೊಳ್ಳೆ ಅದನ್ನು ಊರೊಳಗೆ ತರುತ್ತದೆ, ಮಕ್ಕಳನ್ನು ಕಳಿಸಬೇಡಿ ಅಂತ. ಜೊತೆಗೆ ಸೂಕ್ಷ್ಮದರ್ಶಕದಲ್ಲಿ ತೆಗೆದ ರಕ್ತದ ಫೋಟೋ ಬೇರೆ ಹಾಕಿದ್ದಾರೆ. ಇದರಲ್ಲಿ ನಿಜ ಎಷ್ಟು? "ಸುಳ್ಳು ಸುದ್ದಿ" ಅಂತ ಒಂದೇ ಮಾತು ಹೇಳಿದರೆ ಪಾಲಕರು ಕೇಳುವುದಿಲ್ಲ, ಕಾರಣ ಬೇಕು. ತಿಳಿದವರು ದಯವಿಟ್ಟು ಹೇಳಿ.

ಸುಮ್ನೆ ಕೇಳ್ತೀನಿ
ಹಕ್ಕಿಜ್ವರವನ್ನೇ ಯಾರೋ ಮಲೇರಿಯಾ ಮಾಡಿದ್ದಾರೆ ಸರ್. ಹಕ್ಕಿಗೆ ಮಲೇರಿಯಾ ಎಲ್ಲಿಂದ ಬರಬೇಕು?

ಗಾಜಿನ ಪಟ್ಟಿ
ಬರುತ್ತದೆ. ಹಕ್ಕಿಜ್ವರ ವೈರಸ್ಸಿನದು, ಅದು ಬೇರೆ ಕಥೆ. ನಾನು ಕೆಲವು ವರ್ಷ ಹಕ್ಕಿಗಳ ರಕ್ತದ ಸ್ಲೈಡ್ ನೋಡುವ ಕೆಲಸವನ್ನೇ ಮಾಡಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹಕ್ಕಿಯ ರಕ್ತದಲ್ಲಿ ಮಲೇರಿಯಾ ಕುಟುಂಬದ ಪರೋಪಜೀವಿಗಳು ಮುಖ್ಯವಾಗಿ ಮೂರು ಗುಂಪಿನವು. ಪ್ಲಾಸ್ಮೋಡಿಯಂ, ಹೀಮೋಪ್ರೋಟಿಯಸ್, ಲ್ಯೂಕೋಸೈಟೋಝೂನ್. ಹೆಸರು ನೆನಪಿಡಬೇಕಿಲ್ಲ. ಯಾವುದನ್ನು ಯಾವ ಹುಳ ಹರಡುತ್ತದೆ ಅನ್ನುವುದನ್ನು ನೆನಪಿಡಿ. ಪ್ಲಾಸ್ಮೋಡಿಯಂ ಹರಡುವುದು ಸೊಳ್ಳೆ, ಅದರಲ್ಲೂ ಹೆಚ್ಚಾಗಿ ಕ್ಯೂಲೆಕ್ಸ್. ನಮಗೆ ಮಲೇರಿಯಾ ತರುವ ಅನಾಫಿಲಿಸ್ ಬೇರೆ. ಹೀಮೋಪ್ರೋಟಿಯಸ್ ಹರಡುವುದು ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಕಚ್ಚುವ ನುಸಿ, ಕ್ಯೂಲಿಕಾಯ್ಡಿಸ್ ಅಂತಾರೆ. ಕೆಲವು ಹಕ್ಕಿಗಳಲ್ಲಿ ಗರಿಯೊಳಗೆ ಓಡಾಡುವ ಚಪ್ಪಟೆ ನೊಣವೂ ಹರಡುತ್ತದೆ. ಲ್ಯೂಕೋಸೈಟೋಝೂನ್ ಹರಡುವುದು ಕಚ್ಚುವ ಕರಿನೊಣ. ಇದರ ಮರಿ ಹರಿಯುವ ನೀರಿನಲ್ಲೇ ಬೆಳೆಯಬೇಕು, ಕಲ್ಲಿಗೆ ಅಂಟಿಕೊಂಡು.

ಈಗ ನಿಮ್ಮ ಕೆರೆಗೆ ಬನ್ನಿ. ಬಾತು, ಹೆಬ್ಬಾತುಗಳ ಜಾತಿಯನ್ನು ಹೆಚ್ಚು ಕಾಡುವುದು ಲ್ಯೂಕೋಸೈಟೋಝೂನ್ ಸಿಮೋಂಡಿ ಎಂಬುದು. ಉತ್ತರ ಅಮೆರಿಕದಲ್ಲಿ ಇದರಿಂದ ಹೆಬ್ಬಾತಿನ ಮರಿಗಳು ಸತ್ತದ್ದುಂಟು. ಅದನ್ನು ಹೊತ್ತ ಹಕ್ಕಿಯೊಂದು ಮಾಗಡಿಗೇ ಬಂತು ಅಂತ ಇಟ್ಟುಕೊಳ್ಳಿ. ನಿಂತ ನೀರಿನ ಕೆರೆಯಲ್ಲಿ ಕರಿನೊಣ ಮರಿ ಮಾಡುವುದಿಲ್ಲ. ಅಲ್ಲಿಗೆ ಆ ದಾರಿ ಮುಚ್ಚಿತು. ಮನುಷ್ಯರಿಗಂತೂ ಈ ಮೂರರಲ್ಲಿ ಯಾವುದೂ ತಗುಲುವುದಿಲ್ಲ. ಹಕ್ಕಿಯನ್ನು ಕಚ್ಚಿದ ಸೊಳ್ಳೆಯೇ ಬಂದು ನಮ್ಮನ್ನು ಕಚ್ಚಿದರೂ ಆ ಪರೋಪಜೀವಿ ನಮ್ಮ ರಕ್ತಕಣದಲ್ಲಿ ನೆಲೆಯೂರಲಾರದು.

ಫೋಟೋ ವಿಷಯ. ಕೆಂಪು ರಕ್ತಕಣಗಳ ಒಳಗೆ ನಡುವೆ ಕಡುನೇರಳೆ ಚುಕ್ಕೆ ಇದ್ದರೆ ಅದು ಮನುಷ್ಯರ ರಕ್ತವಲ್ಲ, ಹಕ್ಕಿಯದಿರಬೇಕು. ಹಕ್ಕಿಯ ಕೆಂಪುಕಣಕ್ಕೆ ಕೋಶಕೇಂದ್ರ ಇರುತ್ತದೆ, ನಮ್ಮದಕ್ಕೆ ಇರುವುದಿಲ್ಲ. ಎಷ್ಟೋ ಜನ ಆ ಕೇಂದ್ರವನ್ನೇ ರೋಗಾಣು ಅಂದುಕೊಂಡು ಹೆದರುತ್ತಾರೆ.

ಮಾಗಡಿ ಮೇಷ್ಟ್ರು
ಮೇಡಂ, ತುಂಬಾ ಉಪಕಾರ ಆಯಿತು. ಫೋಟೋ ಮತ್ತೆ ನೋಡಿದೆ. ಎಲ್ಲ ಕಣಗಳಲ್ಲೂ ಒಂದೇ ತರಹದ ಚುಕ್ಕೆ.

ಗಾಜಿನ ಪಟ್ಟಿ
ಹಾಗಾದರೆ ಅದು ಆರೋಗ್ಯವಾಗಿರುವ ಹಕ್ಕಿಯ ರಕ್ತವೇ ಇರಬೇಕು :) ಪರೋಪಜೀವಿ ಇದ್ದರೆ ಕೇಂದ್ರದ ಪಕ್ಕದಲ್ಲಿ ಇನ್ನೊಂದು ಆಕಾರ ಕಾಣುತ್ತದೆ. ಹೀಮೋಪ್ರೋಟಿಯಸ್ ಆದರೆ ಕೇಂದ್ರವನ್ನು ಬಳಸಿಕೊಂಡು ಬಾಗಿರುತ್ತದೆ, ಒಳಗೆ ಕಂದು ಬಣ್ಣದ ಕಾಳುಗಳಿರುತ್ತವೆ. ಅದೂ ಸಾವಿರಾರು ಕಣ ನೋಡಿದ ಮೇಲೆ ಒಂದೋ ಎರಡೋ ಸಿಗುತ್ತದೆ.

ಸುಮ್ನೆ ಕೇಳ್ತೀನಿ
ಸರಿ, ಒಪ್ಪಿದೆ. ಆದರೆ ಒಂದು ಸಂದೇಹ. ಹಕ್ಕಿ ಸಾವಿರಾರು ಕಿಲೋಮೀಟರ್ ಹಾರಿ ಬರುತ್ತದೆ, ಒಳಗೆ ಪರೋಪಜೀವಿ ಇರುತ್ತದೆ. ಅಂದಮೇಲೆ ಇಲ್ಲಿನ ಗುಬ್ಬಿ, ಮೈನಾಗಳಿಗಾದರೂ ಹೊಸ ರೋಗ ಹಂಚುತ್ತದೆ ತಾನೇ? ಮನುಷ್ಯರ ವಿಷಯ ಬಿಡಿ.

ಲುಂಡ್ ಕನ್ನಡಿಗ
ಇದಕ್ಕೆ ನಾನಿರುವ ಊರಿನವರೇ ಉತ್ತರ ಹುಡುಕಿದ್ದಾರೆ, ಹೇಳುತ್ತೇನೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ಕ್ವಿಸ್ಮಾರೆನ್ ಎಂಬ ಸರೋವರದಲ್ಲಿ 1980ರ ದಶಕದಿಂದ ಒಂದೇ ಹಕ್ಕಿಯ ಬೆನ್ನು ಹತ್ತಿದ್ದಾರೆ. ಜೊಂಡಿನಲ್ಲಿ ಗೂಡು ಕಟ್ಟುವ ದೊಡ್ಡ ಜೊಂಡು ಉಲಿಯಕ್ಕಿ. ಬೇಸಿಗೆಗೆ ಇಲ್ಲಿ, ಚಳಿಗಾಲಕ್ಕೆ ಆಫ್ರಿಕಾದಲ್ಲಿ.

ಇವರ ಉಪಾಯ ಸರಳವಾಗಿದೆ. ಆ ವರ್ಷ ಹುಟ್ಟಿದ ಮರಿಗಳು ಇನ್ನೂ ಸ್ವೀಡನ್ ಬಿಟ್ಟು ಹೋಗಿರುವುದಿಲ್ಲ ಅಲ್ವಾ? ಅವುಗಳ ರಕ್ತ ನೋಡಿ. ಆಫ್ರಿಕಾದಿಂದ ಮರಳಿ ಬಂದ ದೊಡ್ಡವುಗಳ ರಕ್ತವನ್ನೂ ನೋಡಿ. ದೊಡ್ಡವುಗಳಲ್ಲಿ ಸಿಗುವ ಪರೋಪಜೀವಿಯ ಕೆಲವು ವಂಶಗಳು ಮರಿಗಳಲ್ಲಿ ಸಿಗುವುದೇ ಇಲ್ಲ. ಅಂದರೆ ಅವು ತಗುಲುವುದು ಆಫ್ರಿಕಾದಲ್ಲಿ ಮಾತ್ರ. ವರ್ಷ ವರ್ಷ ಹಕ್ಕಿಯ ಮೈಯಲ್ಲಿ ಕೂತು ಸ್ವೀಡನ್ನಿಗೆ ಬರುತ್ತವೆ, ಇಲ್ಲಿ ಯಾರಿಗೂ ದಾಟದೆ ಹಾಗೇ ವಾಪಸ್ ಹೋಗುತ್ತವೆ. ಇನ್ನು ಕೆಲವು ವಂಶಗಳು ಊರು ಬಿಡದ ಸ್ಥಳೀಯ ಹಕ್ಕಿಗಳಲ್ಲೂ ಇವೆ. ಅವು ಇಲ್ಲಿಯೇ ಹರಡುತ್ತವೆ ಅಂತಾಯಿತು.

ಇಂಥ ವಂಶಗಳ ಪಟ್ಟಿ ಇಡಲು 2009ರಲ್ಲಿ ಮಲಾವಿ ಎಂಬ ಡೇಟಾಬೇಸ್ ಇಲ್ಲಿಂದಲೇ ಶುರುವಾಯಿತು. ಜಗತ್ತಿನ ಯಾವ ಮೂಲೆಯಲ್ಲಿ, ಯಾವ ಹಕ್ಕಿಯಲ್ಲಿ, ಯಾವ ವಂಶ ಸಿಕ್ಕಿತು ಅಂತ ಅದರಲ್ಲಿ ಸಾವಿರಾರು ದಾಖಲೆ ಇವೆ.

ಸುಮ್ನೆ ಕೇಳ್ತೀನಿ
ಹಕ್ಕಿ ಬಂತು, ಪರೋಪಜೀವಿಯೂ ಬಂತು, ಸ್ವೀಡನ್ನಿನಲ್ಲಿ ಸೊಳ್ಳೆಗೂ ಬರವಿಲ್ಲ. ಮತ್ತೆ ಯಾಕೆ ಹರಡಲ್ಲ?

ಗಾಜಿನ ಪಟ್ಟಿ
ಯಾವ ಸೊಳ್ಳೆ ಅನ್ನುವುದು ಮುಖ್ಯ. ಹವೆಯೂ ಮುಖ್ಯ. ಸೊಳ್ಳೆ ಸಿರಿಂಜ್ ಅಲ್ಲ. ಅದು ಕುಡಿದ ರಕ್ತದಲ್ಲಿನ ಪರೋಪಜೀವಿ ಅದರ ಹೊಟ್ಟೆಯಲ್ಲಿ ಗಂಡು ಹೆಣ್ಣು ಕೂಡಬೇಕು, ಹೊಟ್ಟೆಯ ಗೋಡೆಯಲ್ಲಿ ಗಂಟಾಗಿ ಬೆಳೆಯಬೇಕು, ಒಡೆದು ಜೊಲ್ಲುಗ್ರಂಥಿಗೆ ಬರಬೇಕು. ಆಮೇಲೆ ಮಾತ್ರ ಮುಂದಿನ ಕಡಿತದಲ್ಲಿ ದಾಟುತ್ತದೆ. ಒಂದು ಪರೋಪಜೀವಿಗೆ ಎಲ್ಲ ಹುಳದ ಹೊಟ್ಟೆಯೂ ಒಗ್ಗುವುದಿಲ್ಲ. ಚಳಿ ಜಾಸ್ತಿ ಇದ್ದರೆ ಬೆಳೆಯುವುದೂ ನಿಲ್ಲುತ್ತದೆ. ಹಕ್ಕಿ ಮಲೇರಿಯಾದಲ್ಲಿ ಹೆಸರಾದ ಪ್ಲಾಸ್ಮೋಡಿಯಂ ರೆಲಿಕ್ಟಮ್ ಸುಮಾರು 13 ಡಿಗ್ರಿಗಿಂತ ಕೆಳಗೆ ಸೊಳ್ಳೆಯೊಳಗೆ ಬೆಳೆಯುವುದಿಲ್ಲ.

ಇಲ್ಲಿ ನನ್ನದೊಂದು ತಕರಾರು ಹೇಳಿಬಿಡುತ್ತೇನೆ. "ಈ ಸೊಳ್ಳೆಯಲ್ಲಿ ಹಕ್ಕಿ ಮಲೇರಿಯಾದ ಡಿಎನ್‌ಎ ಸಿಕ್ಕಿತು, ಆದ್ದರಿಂದ ಇದೇ ಹರಡುತ್ತದೆ" ಅಂತ ಬರೆಯುವ ಲೇಖನಗಳು ಆಗಾಗ ಬರುತ್ತವೆ. ಈಗಷ್ಟೇ ಸೋಂಕಿದ್ದ ಹಕ್ಕಿಯ ರಕ್ತ ಕುಡಿದ ಯಾವ ಸೊಳ್ಳೆಯನ್ನು ಹಿಡಿದರೂ ಡಿಎನ್‌ಎ ಸಿಕ್ಕೇ ಸಿಗುತ್ತದೆ. ಅದರ ಜೊಲ್ಲುಗ್ರಂಥಿ ಬಿಡಿಸಿ ಸ್ಪೋರೋಝೋಯ್ಟ್, ಅಂದರೆ ಮುಂದಿನ ಹಕ್ಕಿಗೆ ದಾಟುವ ಹಂತದ ಪರೋಪಜೀವಿ, ತೋರಿಸಬೇಕು. ಲಿಥುವೇನಿಯಾದ ವಿಜ್ಞಾನಿ ಗೆಡಿಮಿನಾಸ್ ವಾಲ್ಕ್ಯೂನಾಸ್ ಇದನ್ನು ವರ್ಷಗಟ್ಟಲೆ ಹೇಳುತ್ತಾ ಬಂದಿದ್ದಾರೆ. ಕಷ್ಟದ ಕೆಲಸ, ಅದಕ್ಕೇ ಜನ ಡಿಎನ್‌ಎ ಹುಡುಕುವ ಪಿಸಿಆರ್‌ನಲ್ಲಿ ಮುಗಿಸುತ್ತಾರೆ.

ಹುಳ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಹವಾಯಿ ನೋಡಿ. ಅಲಾಸ್ಕಾದಿಂದ ಪೆಸಿಫಿಕ್ ಗೋಲ್ಡನ್ ಪ್ಲೋವರ್ ತರಹದ ಹಕ್ಕಿಗಳು ಮನುಷ್ಯರಿಗಿಂತ ಎಷ್ಟೋ ಮೊದಲಿನಿಂದ ಆ ದ್ವೀಪಗಳಿಗೆ ಚಳಿಗಾಲ ಕಳೆಯಲು ಬರುತ್ತಿದ್ದವು. ಆದರೂ ಅಲ್ಲಿನ ಕಾಡುಹಕ್ಕಿಗಳಿಗೆ ಮಲೇರಿಯಾ ಗೊತ್ತಿರಲಿಲ್ಲ. ಯಾಕೆಂದರೆ ದ್ವೀಪದಲ್ಲಿ ಸೊಳ್ಳೆಯೇ ಇರಲಿಲ್ಲ. 1826ರಲ್ಲಿ ಹಡಗೊಂದರ ನೀರಿನ ಪೀಪಾಯಿಗಳಲ್ಲಿ ಕ್ಯೂಲೆಕ್ಸ್ ಮರಿಗಳು ಮಾವಿ ದ್ವೀಪಕ್ಕೆ ಬಂದವು. ಆಮೇಲೆ ಜನ ಬೇರೆ ದೇಶಗಳಿಂದ ಹಕ್ಕಿಗಳನ್ನು ತಂದು ಬಿಟ್ಟರು, ಪರೋಪಜೀವಿಯೂ ಬಂತು. ಎರಡೂ ಕೂಡಿದ ಮೇಲೆ ಸಾವು ಶುರುವಾಯಿತು. ಇಇವಿ ಎಂಬ ಕೆಂಪು ಹಕ್ಕಿಗೆ ಸೋಂಕಿನ ಸೊಳ್ಳೆ ಒಮ್ಮೆ ಕಚ್ಚಿದರೆ ಹತ್ತರಲ್ಲಿ ಒಂಬತ್ತು ಸಾಯುತ್ತವೆ. 2023ರಲ್ಲಿ ಅಮೆರಿಕ ಸರ್ಕಾರ ಹವಾಯಿಯ 8 ಕಾಡುಹಕ್ಕಿಗಳನ್ನು ಅಳಿದುಹೋದವು ಎಂದು ಘೋಷಿಸಿತು. ಎಲ್ಲದಕ್ಕೂ ಸೊಳ್ಳೆಯೊಂದೇ ಕಾರಣ ಅಲ್ಲ, ಆದರೆ ದೊಡ್ಡ ಕಾರಣ.

ಬದುಕಿರುವವು ಬೆಟ್ಟದ ಮೇಲಿನ ತಣ್ಣನೆ ಕಾಡಿನಲ್ಲಿವೆ. ಭೂಮಿ ಬಿಸಿಯಾದಂತೆ ಸೊಳ್ಳೆಯೂ ಮೇಲೆ ಹತ್ತುತ್ತಿದೆ. 2023ರಿಂದ ಮಾವಿಯಲ್ಲಿ ಹೆಲಿಕಾಪ್ಟರಿನಿಂದ ಗಂಡು ಸೊಳ್ಳೆಗಳನ್ನು ಬಿಡುತ್ತಿದ್ದಾರೆ. ಅವುಗಳಲ್ಲಿ ವೊಲ್ಬಾಕಿಯಾ ಬ್ಯಾಕ್ಟೀರಿಯಾದ ಬೇರೆ ತಳಿ ಇರುತ್ತದೆ. ಅವುಗಳ ಜೊತೆ ಕೂಡಿದ ಹೆಣ್ಣು ಇಟ್ಟ ಮೊಟ್ಟೆ ಒಡೆಯುವುದಿಲ್ಲ. ಗಂಡು ಕಚ್ಚುವುದೂ ಇಲ್ಲ.

ಕೋಳಿ ಡಾಕ್ಟ್ರು
ಪೀಪಾಯಿ ಅಂದಾಗ ನೆನಪಾಯಿತು. ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನಲ್ಲಿದ್ದಾಗ ಬಂಗಲೆ ಹೊರಗಿನ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿ ಕಂಡು ಅದನ್ನು ಚೆಲ್ಲಿಸಿದ್ದ, ಸೊಳ್ಳೆ ಕಡಿಮೆಯಾಗಿತ್ತು. ಮಲೇರಿಯಾ ಸೊಳ್ಳೆಯಿಂದ ಹೇಗೆ ದಾಟುತ್ತದೆ ಅಂತ ಆತ ಕೊನೆಗೆ ತೋರಿಸಿದ್ದು ಹಕ್ಕಿಗಳಲ್ಲೇ. 1897ರಲ್ಲಿ ಸಿಕಂದರಾಬಾದಿನಲ್ಲಿ ಮನುಷ್ಯರ ರಕ್ತ ಕುಡಿದ ಸೊಳ್ಳೆಯ ಹೊಟ್ಟೆಯಲ್ಲಿ ಪರೋಪಜೀವಿ ಕಂಡ. 1898ರಲ್ಲಿ ಕಲ್ಕತ್ತೆಗೆ ಹೋದಾಗ ಅಲ್ಲಿ ಪ್ಲೇಗಿನ ಗಲಾಟೆ. ಸೂಜಿ ಹಿಡಿದ ಡಾಕ್ಟರನ್ನು ಕಂಡರೆ ಜನ ಓಡುತ್ತಿದ್ದರು. ರೋಗಿಗಳು ಸಿಗಲಿಲ್ಲ, ಗುಬ್ಬಿ ಮತ್ತು ಬಾನಾಡಿಗಳನ್ನು ಹಿಡಿದ. ಹೊಟ್ಟೆಯಿಂದ ಜೊಲ್ಲುಗ್ರಂಥಿಗೆ, ಅಲ್ಲಿಂದ ಆರೋಗ್ಯವಾಗಿದ್ದ ಗುಬ್ಬಿಗೆ. ಪೂರ್ತಿ ಸುತ್ತು ಸಿಕ್ಕಿತು. 1902ರಲ್ಲಿ ನೊಬೆಲ್ ಬಂತು. ಮೇಷ್ಟ್ರೇ, ಇದನ್ನು ಮಕ್ಕಳಿಗೆ ಹೇಳಿ.

ನನ್ನ ವೃತ್ತಿಯ ಕಡೆಯಿಂದ ಇನ್ನೊಂದು ಮಾತು. ನಾಟಿ ಕೋಳಿಗೂ ತನ್ನದೇ ಮಲೇರಿಯಾ ಇದೆ, ಪ್ಲಾಸ್ಮೋಡಿಯಂ ಗ್ಯಾಲಿನೇಸಿಯಂ. ದಕ್ಷಿಣ ಏಷ್ಯಾದ ಕಾಡುಕೋಳಿಯಿಂದ ಬಂದದ್ದು. ಅದಕ್ಕೆ ಮಂಗೋಲಿಯಾ ಹಕ್ಕಿ ಬೇಕಿಲ್ಲ. ಕೋಳಿಮನೆ ಪಕ್ಕದ ಸೊಳ್ಳೆಯೇ ಸಾಕು.

ಸೊರಬ ಸೀಮೆ
ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ಹಕ್ಕಿ ರೋಗ ತರುತ್ತದೆ ಅನ್ನುವ ಮಾತು ನಮ್ಮ ಕಡೆ ಹೊಸದಲ್ಲ. ಕ್ಯಾಸನೂರು ನಮ್ಮ ತಾಲ್ಲೂಕಿನದೇ. 1957ರಲ್ಲಿ ಕಾಡಿನಲ್ಲಿ ಮಂಗ ಸತ್ತು ಬಿದ್ದವು, ಜನರಿಗೂ ಜ್ವರ ಬಂತು. ಮಂಗನ ಕಾಯಿಲೆ. ಪುಣೆಯಿಂದ ಬಂದವರು ವೈರಸ್ ಕಂಡುಹಿಡಿದರು. ಅದು ರಷ್ಯಾದ ಕಡೆಯ ಉಣುಗಿನ ಜ್ವರದ ವೈರಸ್ಸಿಗೆ ಹತ್ತಿರದ ಸಂಬಂಧಿ. ಸರಿ, ಸೈಬೀರಿಯಾದಿಂದ ಬರುವ ಹಕ್ಕಿಗಳೇ ಉಣುಗು ಹೊತ್ತು ತಂದಿರಬೇಕು ಅನ್ನುವ ಅನುಮಾನ ಹುಟ್ಟಿತು. ನಮ್ಮ ಹಿರಿಯರು ಹೇಳುತ್ತಿದ್ದದ್ದು ಇದನ್ನೇ. ಅದು ಏನಾಯಿತು ಅಂತ ತಿಳಿದವರು ಹೇಳಿ.

ಗಾಜಿನ ಪಟ್ಟಿ
ನಮ್ಮ ದೇಶದಲ್ಲಿ ಹಕ್ಕಿಗಳ ಕಾಲಿಗೆ ಗುರುತಿನ ಉಂಗುರ ಹಾಕುವ ಕೆಲಸ ದೊಡ್ಡದಾಗಿ ನಡೆದದ್ದಕ್ಕೆ ನಿಮ್ಮೂರಿನ ಆ ಅನುಮಾನವೂ ಕಾರಣ. 1959ರ ಸುಮಾರಿಗೆ ಪಕ್ಷಿತಜ್ಞ ಸಲೀಂ ಅಲಿಯವರ ಮುಂಬೈ ಸಂಸ್ಥೆ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಅಂದರೆ ಬಿಎನ್‌ಎಚ್‌ಎಸ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಟ್ಟಿತು. ವಲಸೆ ಹಕ್ಕಿ ಹಿಡಿದು, ಉಂಗುರ ಹಾಕಿ, ಮೈಮೇಲಿನ ಉಣುಗು ಆರಿಸಿ ನೋಡಿ ಅಂತ. ಕ್ಯಾಸನೂರಿನ ವೈರಸ್ಸನ್ನು ವಲಸೆ ಹಕ್ಕಿ ತಂದಿತು ಅನ್ನುವುದಕ್ಕೆ ಸಾಕ್ಷಿ ಸಿಗಲಿಲ್ಲ. ಅದು ಅಲ್ಲಿನ ಕಾಡಿನದೇ ಸುತ್ತು. ಇಲಿ, ಮೂಗಿಲಿ, ಮಂಗ, ಮತ್ತು ಹೀಮಾಫೈಸಾಲಿಸ್ ಎಂಬ ಉಣುಗು. ನೆಲದ ಮೇಲೆ ಮೇಯುವ ಹಕ್ಕಿಗಳ ಮೈಗೂ ಮರಿ ಉಣುಗು ಹತ್ತುತ್ತದೆ, ನಿಜ. ಅವು ಅಲ್ಲೇ ಕಾಡಿನಲ್ಲಿರುವ ಹಕ್ಕಿಗಳು.

ಸುಮ್ನೆ ಕೇಳ್ತೀನಿ
ಆ ಕೆಲಸಕ್ಕೆ ಅಮೆರಿಕದ ಸೈನ್ಯ ದುಡ್ಡು ಕೊಟ್ಟಿತ್ತಂತಲ್ಲ? ಹಕ್ಕಿಗಳ ಮೂಲಕ ರೋಗ ಹರಡುವ ಯುದ್ಧದ ತಯಾರಿ ಅಂತ ಓದಿದ್ದೆ. ಅದನ್ನೂ ಹೇಳಿ.

ಗಾಜಿನ ಪಟ್ಟಿ
ದುಡ್ಡು ಕೊಟ್ಟಿದ್ದು ನಿಜ. 1960ರ ದಶಕದಲ್ಲಿ ಎಲಿಯಟ್ ಮೆಕ್ಲೂರ್ ಎಂಬ ಅಮೆರಿಕದ ವಿಜ್ಞಾನಿ ಏಷ್ಯಾದ ಹಲವು ದೇಶಗಳಲ್ಲಿ ಒಂದು ಯೋಜನೆ ನಡೆಸಿದರು. ಹೆಸರು ಮ್ಯಾಪ್ಸ್, ಅಂದರೆ ವಲಸೆ ಪ್ರಾಣಿಗಳ ರೋಗ ಸಮೀಕ್ಷೆ. ಹಣ ಅಮೆರಿಕದ ಸೈನ್ಯದ್ದು. ಬಿಎನ್‌ಎಚ್‌ಎಸ್ ಕೂಡ ಅದರಲ್ಲಿತ್ತು. 1975ರಲ್ಲಿ ನಮ್ಮ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಇಂಥ ವಿದೇಶಿ ಸಹಯೋಗಗಳ ಬಗ್ಗೆ ಖಾರವಾದ ವರದಿ ಕೊಟ್ಟಿತು. ಸೈನ್ಯದ ಹಣ ಬಂದಾಗ ಪ್ರಶ್ನೆ ಕೇಳಿದ್ದು ಸರಿಯೇ ಅಂತ ನನಗೂ ಅನಿಸುತ್ತದೆ. ಆದರೆ ಆ ಯೋಜನೆಯಿಂದ ಉಳಿದದ್ದನ್ನೂ ನೋಡಬೇಕಲ್ಲ. ಏಷ್ಯಾದ ಹಕ್ಕಿಗಳ ರಕ್ತಲೇಪಗಳ ದೊಡ್ಡ ರಾಶಿ ಉಳಿಯಿತು. 1978ರಲ್ಲಿ ಅದರ ಫಲಿತಾಂಶ ಅಚ್ಚಾಯಿತು, ಈಗಲೂ ನಾವು ಅದನ್ನು ತೆಗೆದು ನೋಡುತ್ತೇವೆ.

ಜೀವದಯೆ
ವಿಜ್ಞಾನ ಎಲ್ಲ ಸರಿ. ಆದರೆ ಅಷ್ಟು ದೂರ ಹಾರಿ ಸುಸ್ತಾದ ಹಕ್ಕಿಯನ್ನು ಬಲೆಗೆ ಕೆಡವಿ ರಕ್ತ ತೆಗೆಯುವುದು ಹಿಂಸೆ ಅಲ್ಲವೇ? ಸಣ್ಣ ಉಲಿಯಕ್ಕಿಗಳು ಹತ್ತು ಗ್ರಾಂ ತೂಗುತ್ತವೆ ಅಷ್ಟೇ.

ಗಾಜಿನ ಪಟ್ಟಿ
ಕೇಳಲೇಬೇಕಾದ ಪ್ರಶ್ನೆ. ಮೊದಲನೆಯದು, ಯಾರು ಬೇಕಾದರೂ ಹಿಡಿಯುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಅನುಮತಿ ಬೇಕು. ಎರಡನೆಯದು, ದೇಹತೂಕದ ನೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ರಕ್ತ ತೆಗೆಯಬಾರದು. ಹತ್ತು ಗ್ರಾಮಿನ ಹಕ್ಕಿಯಿಂದ ಒಂದೆರಡು ಹನಿ. ರೆಕ್ಕೆಯ ಒಳಮೈಯಲ್ಲಿ ಒಂದು ರಕ್ತನಾಳ ಕಾಣುತ್ತದೆ, ಸಣ್ಣ ಸೂಜಿಯಿಂದ ಚುಚ್ಚಿ ಗಾಜಿನ ಕೊಳವೆಗೆ ಎಳೆದುಕೊಂಡು ಹತ್ತಿ ಒತ್ತಿ ಹಿಡಿಯುತ್ತೇವೆ. ಒಂದು ಹನಿ ಸ್ಲೈಡಿಗೆ, ಉಳಿದದ್ದು ಡಿಎನ್‌ಎಗೆ. ಬಲೆಯನ್ನು ಬಿಟ್ಟು ಎಲ್ಲೂ ಹೋಗುವ ಹಾಗಿಲ್ಲ. ಬಿಸಿಲು ಏರಿದರೆ, ಮಳೆ ಬಂದರೆ ಬಲೆ ಮುಚ್ಚಬೇಕು. ಇದನ್ನು ಪಾಲಿಸದವರೂ ಇದ್ದಾರೆ, ಅಂಥವರಿಗೆ ಬಲೆ ಕೊಡಲೇಬಾರದು.

ಲುಂಡ್ ಕನ್ನಡಿಗ
ಹಿಂಸೆ ಅಂದಿರಲ್ಲ, ಆ ಒಂದೆರಡು ಹನಿಯಿಂದಲೇ ಇನ್ನೊಂದು ವಿಷಯ ತಿಳಿಯಿತು. ಕ್ವಿಸ್ಮಾರೆನ್ನಿನ ಹಕ್ಕಿಗಳಲ್ಲಿ ಮಲೇರಿಯಾ ಇದ್ದರೂ ನೋಡಲು ಆರೋಗ್ಯವಾಗಿಯೇ ಇರುತ್ತವೆ. ಹಾಡುತ್ತವೆ, ಮರಿ ಮಾಡುತ್ತವೆ, ಆಫ್ರಿಕಾಕ್ಕೆ ಹೋಗಿ ಬರುತ್ತವೆ. ಸೋಂಕಿದ್ದರೂ ಏನೂ ತೊಂದರೆ ಇಲ್ಲ ಅಂತಲೇ ಬಹಳ ಕಾಲ ಅಂದುಕೊಂಡಿದ್ದರು. 2015ರಲ್ಲಿ ಬಂದ ಅಧ್ಯಯನ ಅದನ್ನು ಬದಲಾಯಿಸಿತು. ಸೋಂಕು ಒಳಗೇ ಉಳಿದ ಹಕ್ಕಿಗಳಲ್ಲಿ ಟೆಲೊಮಿಯರ್, ಅಂದರೆ ಕ್ರೋಮೋಸೋಮಿನ ತುದಿಗಳು, ಬೇಗ ಸವೆಯುತ್ತಿದ್ದವು. ಅವು ಬೇಗ ಸತ್ತವು, ಜೀವಮಾನದಲ್ಲಿ ಕಡಿಮೆ ಮರಿ ಮಾಡಿದವು. ಒಂದೇ ಜಾಗದಲ್ಲಿ ಇಷ್ಟು ವರ್ಷ ಅದೇ ಹಕ್ಕಿಗಳನ್ನು ನೋಡದಿದ್ದರೆ ಇದು ಗೊತ್ತಾಗುತ್ತಿರಲಿಲ್ಲ.

ಪಾರಿವಾಳ ಬೆಂಗಳೂರು
ನಂದೊಂದು ಸಣ್ಣ ಡೌಟು. ಮನೆ ಮೇಲೆ ಪಾರಿವಾಳ ಸಾಕಿದ್ದೇನೆ. ಕೈಗೆತ್ತಿಕೊಂಡರೆ ಗರಿಯಿಂದ ಚಪ್ಪಟೆ ನೊಣ ಹಾರಿ ಅಂಗಿಯೊಳಗೆ ಹೋಗುತ್ತದೆ, ಅಸಹ್ಯ. ಮೇಲೆ ಹೇಳಿದ್ದು ಇದೇನಾ?

ಕೋಳಿ ಡಾಕ್ಟ್ರು
ಇದೇ ರೀ. ಪಾರಿವಾಳದ ಹೀಮೋಪ್ರೋಟಿಯಸ್ ಹರಡುವುದು ಇದು. 1906ರಲ್ಲಿ ಅಲ್ಜೀರಿಯಾದಲ್ಲಿ ಸೆರ್ಜೆಂಟ್ ಅಣ್ಣತಮ್ಮಂದಿರು ತೋರಿಸಿದರು. ನಿಮಗೆ ಆ ರೋಗ ಬರುವುದಿಲ್ಲ. ಮರಿಗಳಿಗೆ ಕಷ್ಟ. ಗೂಡಿನ ತಳದ ಕಸ, ಹಿಕ್ಕೆ ತಪ್ಪದೆ ತೆಗೆಯಿರಿ, ನೊಣದ ಕೋಶ ಬಿದ್ದು ಬೆಳೆಯುವುದು ಅಲ್ಲೇ. ಔಷಧಿ ಹೊಡೆಯುವ ಮೊದಲು ಹತ್ತಿರದ ಪಶುವೈದ್ಯರನ್ನು ಕೇಳಿ. ಅಂಗಡಿಯವನು ಕೊಟ್ಟ ಹುಳದ ಔಷಧಿ ಸಿಂಪಡಿಸಿ ಗೂಡಿಗೆ ಗೂಡೇ ಸತ್ತದ್ದನ್ನು ನೋಡಿದ್ದೇನೆ.

ಜೀವದಯೆ
ಹಾಗಾದರೆ ನಮ್ಮ ಊರುಗಳಲ್ಲಿ ಗುಬ್ಬಿ ಕಡಿಮೆಯಾದದ್ದಕ್ಕೂ ಈ ಮಲೇರಿಯಾ ಕಾರಣವೇ? ಮೊಬೈಲ್ ಟವರ್ ಅಂತಾರೆ.

ಗಾಜಿನ ಪಟ್ಟಿ
ಲಂಡನ್ನಿನ ಗುಬ್ಬಿಗಳ ಬಗ್ಗೆ 2019ರಲ್ಲಿ ಒಂದು ಅಧ್ಯಯನ ಬಂತು. ಎಣಿಕೆ ಇಳಿಯುತ್ತಿದ್ದ ಕಡೆ ಎಳೆ ಗುಬ್ಬಿಗಳ ರಕ್ತದಲ್ಲಿ ಪ್ಲಾಸ್ಮೋಡಿಯಂ ರೆಲಿಕ್ಟಮ್ ಜಾಸ್ತಿ ಇತ್ತು. ಅದು ಲಂಡನ್ನಿನ ಮಾತು. ಅದನ್ನೇ ಹಿಡಿದು ಬೆಂಗಳೂರಿನ ಗುಬ್ಬಿಗೆ ಅಂಟಿಸಿದರೆ ನಾವೂ ವಾಟ್ಸಾಪ್ ಸಂದೇಶವನ್ನೇ ಬರೆದಂತೆ. ಟವರ್ ವಿಷಯಕ್ಕೆ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಬೇಡ, ಮುಗಿಯುವುದಿಲ್ಲ.

ನಮ್ಮಲ್ಲೂ ಕೆಲಸ ನಡೆದಿದೆ. ಪಶ್ಚಿಮ ಘಟ್ಟದ ಶೋಲಾ ಕಾಡಿನ ಹಕ್ಕಿಗಳ ಬಗ್ಗೆಯೂ 2019ರಲ್ಲಿ ಲೇಖನ ಬಂತು. ಪಾಲ್ಘಾಟ್ ಕಣಿವೆಯಂಥ ತಗ್ಗುಗಳು ಪರೋಪಜೀವಿಗಳನ್ನೂ ಬೇರ್ಪಡಿಸುತ್ತವಾ ಅಂತ ನೋಡಿದರು. ಬೆಂಗಳೂರಿನ ಫರಾ ಇಷ್ತಿಯಾಕ್ ಅವರು ಹಿಮಾಲಯದಲ್ಲಿ ಹಕ್ಕಿ, ಸೊಳ್ಳೆ ಎರಡನ್ನೂ ಒಟ್ಟಿಗೆ ಹಿಡಿದು ನೋಡಿದ್ದಾರೆ. ಸೊಳ್ಳೆ ಹೆಚ್ಚಾದ ತಿಂಗಳಲ್ಲಿ ಸೋಂಕೂ ಹೆಚ್ಚಬೇಕು ಅಂತ ನಮಗೆಲ್ಲ ಅನಿಸುತ್ತದೆ. ಅವರ ಗುಂಪು 2017ರಲ್ಲಿ ಬರೆದ ಪ್ರಕಾರ ಹಿಮಾಲಯದ ತಪ್ಪಲಿನಲ್ಲಿ ಹಾಗೆ ಕಾಣಲಿಲ್ಲ.

ಮಾಗಡಿ ಮೇಷ್ಟ್ರು
ಪಾಲಕರಿಗೆ ಕಳಿಸಲು ಹೀಗೆ ಬರೆದಿದ್ದೇನೆ, ನೋಡಿ. "ಹಕ್ಕಿ ಮಲೇರಿಯಾ ಎಂಬುದು ಇದೆ. ಅದು ಹಕ್ಕಿಯಿಂದ ಹಕ್ಕಿಗೆ, ಅದಕ್ಕೆ ತಕ್ಕ ಹುಳ ಇದ್ದರೆ ಮಾತ್ರ ಹರಡುತ್ತದೆ. ಮನುಷ್ಯರಿಗೆ ಬರುವುದಿಲ್ಲ. ಹೆಬ್ಬಾತು ನೋಡಲು ಹೋದರೆ ಮಲೇರಿಯಾ ಬರುತ್ತದೆ ಎಂಬುದು ಸುಳ್ಳು. ಕೆರೆಯ ಸೊಳ್ಳೆಗೂ ಹಕ್ಕಿಗೂ ನಮಗೂ ಯಾವ ಸಂಬಂಧವೂ ಇಲ್ಲ."

ಕೋಳಿ ಡಾಕ್ಟ್ರು
ಕೊನೆಯ ಸಾಲು ತೆಗೆಯಿರಿ ಮೇಷ್ಟ್ರೇ. ಮಿದುಳುಜ್ವರ ಇದೆಯಲ್ಲ, ಜಪಾನೀಸ್ ಎನ್ಸೆಫಲೈಟಿಸ್, ಅದರ ವೈರಸ್ ಬೆಳ್ಳಕ್ಕಿ, ಕೊಕ್ಕರೆ ಜಾತಿಯ ಹಕ್ಕಿಗಳಲ್ಲಿ ಮತ್ತು ಹಂದಿಗಳಲ್ಲಿ ಇರುತ್ತದೆ. ಗದ್ದೆ ನೀರಿನ ಕ್ಯೂಲೆಕ್ಸ್ ಸೊಳ್ಳೆ ಅದನ್ನು ಮನುಷ್ಯರಿಗೆ ತರುತ್ತದೆ. ಬಳ್ಳಾರಿ, ರಾಯಚೂರು, ಮಂಡ್ಯ, ಕೋಲಾರದ ಕಡೆ ಮಕ್ಕಳಿಗೆ ಲಸಿಕೆ ಹಾಕುವುದು ಅದಕ್ಕೇ. ಅದು ವರ್ಷವಿಡೀ ಇಲ್ಲೇ ಇರುವ ಹಕ್ಕಿಗಳ ಮಾತು, ಮಂಗೋಲಿಯಾದ ಹೆಬ್ಬಾತಿನದಲ್ಲ. ಆದರೂ ಸಂಬಂಧವೇ ಇಲ್ಲ ಅಂತ ಬರೆದರೆ ತಪ್ಪಾಗುತ್ತದೆ.

ಗಾಜಿನ ಪಟ್ಟಿ
ಡಾಕ್ಟ್ರು ಹೇಳಿದ್ದು ಸರಿ. ಇನ್ನೊಂದು ಸಾಲು ಸೇರಿಸಿ. ಸತ್ತ ಹಕ್ಕಿ ಕಂಡರೆ ಮಕ್ಕಳು ಮುಟ್ಟಬಾರದು, ಅರಣ್ಯ ಇಲಾಖೆಯವರಿಗೆ ತಿಳಿಸಬೇಕು. ಅದು ಹಕ್ಕಿಜ್ವರದ ಮುಂಜಾಗ್ರತೆ.

ಮಾಗಡಿ ಮೇಷ್ಟ್ರು
ಕೊನೆ ಸಾಲು ತೆಗೆದು ಇವೆರಡನ್ನೂ ಸೇರಿಸಿದೆ. ಹೊತ್ತು ಯಾವುದು ಇಟ್ಟುಕೊಳ್ಳಲಿ? ಸಂಜೆ ಕರೆದುಕೊಂಡು ಹೋಗೋಣ ಅಂದುಕೊಂಡಿದ್ದೆ.

ಗಾಜಿನ ಪಟ್ಟಿ
ಬೆಳಿಗ್ಗೆ ಇಟ್ಟುಕೊಳ್ಳಿ ಸರ್. ಕ್ಯೂಲೆಕ್ಸ್ ಕಚ್ಚಲು ಶುರು ಮಾಡುವುದು ಕತ್ತಲಾದ ಮೇಲೆ. ಹೆಬ್ಬಾತುಗಳೂ ಸಂಜೆಯಾದರೆ ಹೊಲಗಳ ಕಡೆ ಮೇಯಲು ಹೊರಡುತ್ತವೆ. ಹಗಲಿನಲ್ಲಿ ಕೆರೆಯಲ್ಲೇ ಕೂತಿರುತ್ತವೆ, ದುರ್ಬೀನು ಇದ್ದರೆ ಕೊರಳು ನೋಡಲು ಹೇಳಿ. ಮಂಗೋಲಿಯಾದಲ್ಲಿ ಕೊರಳಪಟ್ಟಿ ಹಾಕಿಸಿಕೊಂಡ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಸಿಕ್ಕಿವೆ. ಪಟ್ಟಿಯ ಬಣ್ಣ ಮತ್ತು ಅಕ್ಷರ ಬರೆದುಕೊಂಡು ಬಂದರೆ ಇಲ್ಲಿ ಹಾಕಿ, ಎಲ್ಲಿಗೆ ಕಳಿಸಬೇಕು ಅಂತ ಹೇಳುತ್ತೇನೆ.